ಮಂಜು ಒರೆಸಿದರೆ ‘ಡೀ-ಐಸ್’ ಆಗುವುದೆ?

ಕಳೆದ ಚಳಿಗಾಲದಲ್ಲಿ ಆಲೂರು ತಾಲ್ಲೂಕಿನಲ್ಲಿರುವ ಅಣ್ಣನ ಮನೆಗೆ ಹೋಗಿದ್ದೆ. ಬೆಳಗಿನ ಏಳೂವರೆ ಆಗಿದ್ದರೂ ಅಂಗಳದಾಚೆಯ ಸಿಲ್ವರ್ ಮರಗಳು ಕಾಣುತ್ತಿರಲಿಲ್ಲ. ಎಲ್ಲವನ್ನೂ ಮಂಜು ನುಂಗಿತ್ತು. ಒಂಬತ್ತನೆಯ ತರಗತಿಯಲ್ಲಿ ಓದುವ ಅಣ್ಣನ ಮಗಳು ಜಗಲಿಯಲ್ಲಿ ಶಾಲು ಹೊದ್ದು ಕುಳಿತು, ಇಂಗ್ಲಿಷ್ ನೋಟ್ ಪುಸ್ತಕವನ್ನೇ ದಿಟ್ಟಿಸುತ್ತಿದ್ದಳು. ಪುಟದ ಮೇಲೆ ಕೆಂಪು ಶಾಯಿಯ ದೊಡ್ಡದೊಂದು ತಪ್ಪು ಗುರುತು.

ವಿಷಯ ಇಷ್ಟೆ. ಪಾಠದಲ್ಲಿ ‘ಡೀ-ಐಸ್’ ಎಂಬ ಪದ ಬಂದಿತ್ತು. ಅದನ್ನು ಸ್ವಂತ ವಾಕ್ಯದಲ್ಲಿ ಬಳಸಬೇಕೆಂದು ಮನೆಗೆಲಸ. ಹುಡುಗಿ ತನ್ನ ಪುಟ್ಟ ನಿಘಂಟನ್ನು ತೆರೆದಳು. ಅದರಲ್ಲಿ ‘ಮಂಜು ತೆಗೆ’ ಎಂದಿತ್ತು. ಮಂಜು ಅವಳಿಗೆ ಹೊಸದೇನಲ್ಲ. ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವಳು. ‘ಶಿರಾಡಿ ಘಾಟಿಯಲ್ಲಿ ಡ್ರೈವರು ದಿನಾ ಬೆಳಿಗ್ಗೆ ಬಸ್ಸಿನ ಗಾಜನ್ನು ಡೀ-ಐಸ್ ಮಾಡುತ್ತಾರೆ’ ಎಂದು ಇಂಗ್ಲಿಷಿನಲ್ಲಿ ಬರೆದಳು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ಅವುಗಳ ಜಾಗದಲ್ಲೇ ಇದ್ದವು. ಕಾಗುಣಿತವೂ ಸರಿ. ಆದರೂ ವಾಕ್ಯ ತಪ್ಪು. ಏಕೆ ತಪ್ಪು ಎಂಬುದನ್ನು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

“ಗ್ರಾಮರ್ ಸರಿ ಇದೆ. ಡಿಕ್ಷನರಿ ನೋಡೇ ಬರ್ದಿದ್ದು. ಆದ್ರೂ ತಪ್ಪಂತೆ. ನಮ್ಮಂಥೋರಿಗೆ ಇಂಗ್ಲಿಷ್ ಬರಲ್ಲ ಬಿಡಿ, ಚಿಕ್ಕಪ್ಪ” ಎಂದಳು.

ಒಂದು ಅಂಕ ಹೋದರೆ ಹೋಗಲಿ. ಆದರೆ ‘ನಮ್ಮಂಥೋರಿಗೆ ಬರಲ್ಲ’ ಎಂಬ ಮಾತನ್ನು ಹಾಗೆಯೇ ಬಿಡುವಂತಿರಲಿಲ್ಲ. ಹಳ್ಳಿಯ ಎಷ್ಟೋ ಮಕ್ಕಳು ಇಂಗ್ಲಿಷಿನ ಕೈಬಿಡುವುದು ಇಂಥ ಒಂದು ಬೆಳಿಗ್ಗೆಯೇ. ತಪ್ಪು ನಿಜವಾಗಿ ಎಲ್ಲಿದೆಯೆಂದು ಹುಡುಕಲು ನಾವಿಬ್ಬರೂ ಕುಳಿತೆವು. ಹುಡುಕುತ್ತಾ ಹೋದಂತೆ ಒಂದು ಪುಟ್ಟ ಪದ ನಮ್ಮನ್ನು ಅಡುಗೆಮನೆಯ ಫ್ರಿಜ್ಜಿನಿಂದ ಬ್ರೆಜಿಲ್ಲಿನ ಕಾಫಿ ತೋಟದವರೆಗೆ, ಅಲ್ಲಿಂದ ನಮ್ಮ ತಲೆಯ ಮೇಲಿನ ಆಕಾಶದವರೆಗೆ ಕರೆದೊಯ್ದಿತು.

ಒಂದೇ ಮಂಜು, ಹಲವು ಅರ್ಥ

ಮೊದಲ ತೊಡಕು ಇರುವುದು ಇಂಗ್ಲಿಷಿನಲ್ಲಲ್ಲ, ನಮ್ಮ ‘ಮಂಜು’ವಿನಲ್ಲಿ. ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿ ಮುಗಿಸಿದ ನಕ್ಷತ್ರಾಕಾರದ ಕೋಟೆಯ ಹೆಸರು ಮಂಜರಾಬಾದ್. ಬೆಟ್ಟವನ್ನು ಕವಿದಿದ್ದ ಮಂಜನ್ನು ಕಂಡು ಆ ಹೆಸರಿಟ್ಟನೆಂದು ನಮ್ಮ ಕಡೆ ಹೇಳುವುದುಂಟು. ಆ ಮಂಜು ಎಂದರೆ ನೆಲದ ಮಟ್ಟಕ್ಕೆ ಇಳಿದ ಮೋಡ. ಅದರಲ್ಲಿರುವುದು ಗಾಳಿಯಲ್ಲಿ ತೇಲುವ ನೀರಿನ ಸಣ್ಣ ಸಣ್ಣ ಹನಿ. ಅದನ್ನು ಹಿಡಿಯಲಾಗದು, ಕೆರೆಯಲಾಗದು. ಬಿಸಿಲೇರಿದರೆ ತಾನಾಗಿ ಹೋಗುತ್ತದೆ.

ಆದರೆ ಹಿಮಾಲಯದ ತುದಿಯಲ್ಲಿ ಬಿಳಿ ಹತ್ತಿಯಂತೆ ಉದುರುವುದನ್ನೂ ನಾವು ಮಂಜು ಎನ್ನುತ್ತೇವೆ. ನೀರು ಕಲ್ಲಾದರೆ ಮಂಜುಗಡ್ಡೆ ಎನ್ನುತ್ತೇವೆ. ಬೆಳಿಗ್ಗೆ ಗರಿಕೆಯ ತುದಿಯಲ್ಲಿ ಹೊಳೆಯುವ ಇಬ್ಬನಿಯನ್ನೂ ಕೆಲವರು ‘ಮಂಜು ಬಿದ್ದಿದೆ’ ಎನ್ನುವುದುಂಟು. ಇಂಗ್ಲಿಷಿನಲ್ಲಿ ಇವಕ್ಕೆ ಬೇರೆ ಬೇರೆ ಹೆಸರು. ತೇಲುವ ಮಂಜು ದಟ್ಟವಾಗಿದ್ದರೆ ಫಾಗ್, ತೆಳುವಾಗಿದ್ದರೆ ಮಿಸ್ಟ್. ಇಬ್ಬನಿ ಡ್ಯೂ. ಉದುರುವ ಹಿಮ ಸ್ನೋ. ಗಾಳಿಯಲ್ಲಿನ ತೇವ ತಣ್ಣನೆಯ ಎಲೆಯ ಮೇಲೆ ಬಿಳಿಯ ಪುಡಿಯಂತೆ ಹೆಪ್ಪುಗಟ್ಟಿದರೆ ಫ್ರಾಸ್ಟ್. ನೀರು ಗಟ್ಟಿಯಾಗಿ ಗಡ್ಡೆಕಟ್ಟಿದರೆ ಐಸ್.

ಇದರಿಂದ ಕನ್ನಡ ಬಡ ಭಾಷೆ ಎಂದು ತಿಳಿಯಬಾರದು. ಜನ ಯಾವುದರೊಡನೆ ಬದುಕುತ್ತಾರೋ ಅದಕ್ಕೆ ಹೆಸರುಗಳು ಹುಟ್ಟುತ್ತವೆ. ಸಕಲೇಶಪುರದ ರೈತನಿಗೆ ಮಳೆ ಎಂದರೆ ಬರೀ ಮಳೆಯಲ್ಲ. ಸೋನೆ ಬೇರೆ, ಜಡಿ ಬೇರೆ, ತುಂತುರು ಬೇರೆ. ಕಾಫಿ ಗಿಡಕ್ಕೆ ಮೊಗ್ಗು ಬಿಡಿಸುವ ಹೂಮಳೆ ಬೇರೆ. ಆರಿದ್ರಾ, ಪುಷ್ಯ, ಆಶ್ಲೇಷಾ ಎಂದು ನಕ್ಷತ್ರಕ್ಕೊಂದು ಮಳೆಯಿದೆ. ಲಂಡನ್ನಿನ ಹುಡುಗನೊಬ್ಬ ಇವೆಲ್ಲಕ್ಕೂ ‘ರೈನ್’ ಎಂದು ಒಂದೇ ಪದ ಬರೆದರೆ ನಮ್ಮ ಅಜ್ಜಿಯೂ ತಪ್ಪು ಗುರುತು ಹಾಕಿಯಾಳು! ನಮ್ಮ ಬೆಟ್ಟಗಳಲ್ಲಿ ನೀರು ತಾನಾಗಿ ಕಲ್ಲಾಗುವಷ್ಟು ಚಳಿ ಬರುವುದಿಲ್ಲ. ಹಾಗಾಗಿ ಅದನ್ನು ಕೆರೆದು ತೆಗೆಯುವ ಕೆಲಸವೂ ಇಲ್ಲ, ಆ ಕೆಲಸಕ್ಕೊಂದು ಹಳೆಯ ಪದವೂ ಇಲ್ಲ. ಪುಟ್ಟ ನಿಘಂಟಿನವರು ‘ಮಂಜುಗಡ್ಡೆ’ ಎಂದು ಬರೆಯುವ ಕಡೆ ‘ಮಂಜು’ ಎಂದು ಬರೆದು ಎರಡು ಅಕ್ಷರ ಉಳಿಸಿದರು. ನಮ್ಮ ಹುಡುಗಿ ಎಡವಿದ್ದು ಅಲ್ಲಿ.

ಪದವನ್ನು ಬಿಡಿಸಿ ನೋಡೋಣ

‘ಡೀ-ಐಸ್’ ಎರಡು ತುಂಡಿನ ಪದ. ಹಿಂದಿನ ತುಂಡು ಐಸ್. ಮುಂದಿನ ‘ಡೀ’ ಲ್ಯಾಟಿನ್ ಮೂಲದ ಉಪಸರ್ಗ. ಬೇರ್ಪಡಿಸು, ತೆಗೆದುಹಾಕು ಎಂಬ ಅರ್ಥವನ್ನು ಅದು ತರುತ್ತದೆ. ಕಾಫಿ ತೋಟದ ಮಕ್ಕಳಿಗೆ ಇದನ್ನು ತಿಳಿಸುವುದು ಸುಲಭ. ಗಿಡದ ಕಾಂಡದಿಂದ ನೆಟ್ಟಗೆ ಚಿಮ್ಮುವ ಕಂಬಚಿಗುರನ್ನು ಕಿತ್ತುಹಾಕುವ ಕೆಲಸಕ್ಕೆ ತೋಟಗಳಲ್ಲಿ ‘ಡೀ-ಸಕ್ಕರಿಂಗ್’ ಎನ್ನುತ್ತಾರೆ. ಸಕ್ಕರ್ ಎಂದರೆ ಕಂಬಚಿಗುರು. ಅದನ್ನು ತೆಗೆಯುವುದು ಡೀ-ಸಕ್ಕರಿಂಗ್. ಹಾಗೆಯೇ ಐಸನ್ನು ತೆಗೆಯುವುದು ಡೀ-ಐಸಿಂಗ್.

ಇಂಗ್ಲಿಷಿನ ಒಂದು ತಮಾಷೆಯೂ ಇಲ್ಲಿದೆ. ಆ ಭಾಷೆಯಲ್ಲಿ ನಾಮಪದವನ್ನೇ ಕ್ರಿಯಾಪದ ಮಾಡುವ ರೂಢಿ ಬಹಳ. ‘ವೀಡ್’ ಎಂದರೆ ಕಳೆ. ಅದನ್ನೇ ಕ್ರಿಯಾಪದವಾಗಿ ಬಳಸಿದರೆ ಕಳೆ ತೆಗೆ ಎಂದರ್ಥ. ‘ಡಸ್ಟ್’ ಎಂದರೆ ಧೂಳು. ಮೇಜನ್ನು ಡಸ್ಟ್ ಮಾಡು ಎಂದರೆ ಧೂಳು ಒರೆಸು ಎಂದರ್ಥ. ಇಲ್ಲಿ ‘ಡೀ’ ಬೇಕಾಗಿಲ್ಲ. ಆದರೆ ‘ಐಸ್’ ಅನ್ನು ಕ್ರಿಯಾಪದ ಮಾಡಿದರೆ ಅರ್ಥ ತಿರುಗುಮುರುಗು. ಕೇಕನ್ನು ಐಸ್ ಮಾಡು ಎಂದರೆ ಅದರ ಮೇಲೆ ಸಕ್ಕರೆಯ ಪದರ ಹಚ್ಚು. ಹಣ್ಣಿನ ರಸವನ್ನು ಐಸ್ ಮಾಡು ಎಂದರೆ ತಣ್ಣಗಾಗಿಸು. ಹಚ್ಚುವ ಅರ್ಥಕ್ಕೆ ‘ಐಸ್’ ಮೊದಲೇ ಸಂದುಹೋಗಿದ್ದರಿಂದ ತೆಗೆಯುವುದಕ್ಕೆ ‘ಡೀ-ಐಸ್’ ಬೇಕಾಯಿತು. ಇದು ಬಹಳ ಹಳೆಯ ಪದವೂ ಅಲ್ಲ. ವಿಮಾನಗಳು ಚಳಿನಾಡಿನ ಮೋಡಗಳಲ್ಲಿ ಹಾರತೊಡಗಿದ ಮೇಲೆ, 1930ರ ದಶಕದಲ್ಲಿ ಬಳಕೆಗೆ ಬಂದದ್ದು.

ಬರೆಯುವಾಗ ಎರಡು ಸಂಗತಿ ನೆನಪಿಡಿ. ಒಂದು, ‘ಡಿ’, ‘ಇ’ ಬರೆದು ಸಣ್ಣ ಅಡ್ಡಗೆರೆ ಹಾಕಿ ಆಮೇಲೆ ‘ಐ’, ‘ಸಿ’, ‘ಇ’ ಬರೆಯುವುದು ಬ್ರಿಟಿಷ್ ಪದ್ಧತಿ. ಅಮೆರಿಕದಲ್ಲಿ ಗೆರೆಯಿಲ್ಲದೆಯೂ ಬರೆಯುತ್ತಾರೆ. ಗೆರೆಯಿದ್ದರೆ ಎರಡು ಸ್ವರಗಳು ಅಂಟಿಕೊಂಡು ಓದುವವರನ್ನು ದಾರಿ ತಪ್ಪಿಸುವುದಿಲ್ಲ. ಎರಡು, ಈ ಕ್ರಿಯಾಪದದ ಕರ್ಮ ಐಸ್ ಅಲ್ಲ, ಐಸ್ ಅಂಟಿಕೊಂಡಿರುವ ವಸ್ತು. ರೆಕ್ಕೆಯನ್ನು ಡೀ-ಐಸ್ ಮಾಡುತ್ತಾರೆ, ಕಾರಿನ ಗಾಜನ್ನು ಡೀ-ಐಸ್ ಮಾಡುತ್ತಾರೆ, ರಸ್ತೆಯನ್ನು ಡೀ-ಐಸ್ ಮಾಡುತ್ತಾರೆ. ‘ಐಸನ್ನು ಡೀ-ಐಸ್ ಮಾಡಿದರು’ ಎಂದರೆ ‘ಕಳೆಯ ಕಳೆ ತೆಗೆದರು’ ಎಂದಂತೆ.

ನಮ್ಮ ಹುಡುಗಿ ಗಾಜನ್ನೇ ಕರ್ಮ ಮಾಡಿದ್ದಳು. ಅಷ್ಟರ ಮಟ್ಟಿಗೆ ಅವಳು ಗೆದ್ದಿದ್ದಳು. ಆದರೆ ಆ ಗಾಜಿನ ಮೇಲೆ ಇದ್ದದ್ದು ಐಸ್ ಅಲ್ಲ. ಚಳಿಯ ಬೆಳಿಗ್ಗೆ ಬಸ್ಸಿನೊಳಗಿನ ಜನರ ಉಸಿರಿನ ತೇವ ತಣ್ಣನೆಯ ಗಾಜಿಗೆ ತಾಗಿ ಹನಿಗಟ್ಟುತ್ತದೆ. ಡ್ರೈವರು ಅದನ್ನು ಬಟ್ಟೆಯಿಂದಲೋ ಹಳೆಯ ಪತ್ರಿಕೆಯಿಂದಲೋ ಒರೆಸುತ್ತಾರೆ. ಕಾರುಗಳಲ್ಲಾದರೆ ಒಂದು ಗುಂಡಿ ಒತ್ತಿ ಗಾಜಿನ ಮೇಲೆ ಒಣ ಗಾಳಿ ಬಿಡುತ್ತಾರೆ. ಇದಕ್ಕೆ ಬ್ರಿಟಿಷರು ‘ಡೀಮಿಸ್ಟ್’ ಎನ್ನುತ್ತಾರೆ, ಅಮೆರಿಕದವರು ‘ಡೀಫಾಗ್’ ಎನ್ನುತ್ತಾರೆ. ಗಾಜಿನಾಚೆ ಘಾಟಿಯನ್ನೇ ತುಂಬಿರುವ ಮಂಜನ್ನಂತೂ ಯಾರೂ ತೆಗೆಯಲಾರರು. ದೀಪ ಹಾಕಿ ನಿಧಾನ ಹೋಗಬೇಕು, ಅಷ್ಟೆ.

ಫ್ರಿಜ್ಜಿನ ಪಾಠ

“ಹಾಗಾದ್ರೆ ಐಸ್ ನಮ್ಮೂರಲ್ಲಿ ಇಲ್ಲವೇ ಇಲ್ವಾ?” ಎಂದು ಹುಡುಗಿ ಕೇಳಿದಳು. ಇದೆ. ಅಡುಗೆಮನೆಯ ಮೂಲೆಯಲ್ಲೇ ಇದೆ. ಒಂದು ಬಾಗಿಲಿನ ಫ್ರಿಜ್ಜುಗಳ ಒಳಗೆ ಚಳಿ ಹೆಚ್ಚುಕಡಿಮೆ ಮಾಡುವ ತಿರುಗುಣಿಯ ನಡುವೆ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತುವುದಕ್ಕೆ ‘ಡಿಫ್ರಾಸ್ಟ್’ ಎಂದು ಹೆಸರು. ನಮ್ಮ ಮನೆಗಳಿಗೆ ಈ ಜಾತಿಯ ಪದಗಳಲ್ಲಿ ಮೊದಲು ಕಾಲಿಟ್ಟದ್ದು ಇದೇ ಇರಬೇಕು.

ಫ್ರಿಜ್ಜಿನ ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳಗೆ ನುಗ್ಗುತ್ತದೆ. ಮುಚ್ಚಳವಿಲ್ಲದ ಪಾತ್ರೆಗಳಿಂದಲೂ ತೇವ ಏಳುತ್ತದೆ. ಅದು ಫ್ರೀಜರಿನ ಗೋಡೆಗೆ ತಾಗಿ ಬಿಳಿಯ ಪುಡಿಯಾಗಿ ಕೂರುತ್ತದೆ. ಅದು ಫ್ರಾಸ್ಟ್. ದಿನ ಕಳೆದಂತೆ ಅದು ದಪ್ಪವಾಗುತ್ತದೆ. ಮಂಜುಗಡ್ಡೆ ಶಾಖವನ್ನು ಸುಲಭವಾಗಿ ಸಾಗಗೊಡುವುದಿಲ್ಲ. ಆದ್ದರಿಂದ ಆ ಪದರ ಕಂಬಳಿಯಂತೆ ಅಡ್ಡ ನಿಂತು, ಫ್ರಿಜ್ಜು ತಣ್ಣಗಾಗಲು ಹೆಚ್ಚು ಕರೆಂಟು ತಿನ್ನುತ್ತದೆ. ಗುಂಡಿ ಒತ್ತಿದರೆ ಯಂತ್ರ ನಿಲ್ಲುತ್ತದೆ, ಪದರ ಕರಗಿ ನೀರಾಗಿ ತಟ್ಟೆಗೆ ಇಳಿಯುತ್ತದೆ.

ನನ್ನ ಅತ್ತಿಗೆಗೆ ಅಷ್ಟು ತಾಳ್ಮೆ ಇರಲಿಲ್ಲ. ಹಬ್ಬದ ಹಿಂದಿನ ದಿನ ಗಡ್ಡೆಯನ್ನು ಚಾಕುವಿನಿಂದ ಕೆತ್ತಲು ಹೋದರು. ಚಾಕು ಜಾರಿ ತೆಳುವಾದ ಅಲ್ಯೂಮಿನಿಯಂ ಗೋಡೆಯೊಳಗಿನ ಕೊಳವೆಗೆ ತಾಗಿತು. ‘ಸುಂಯ್’ ಎಂದು ಗ್ಯಾಸ್ ಹೊರಟುಹೋಯಿತು. ರಿಪೇರಿಯವನನ್ನು ಹಾಸನದಿಂದ ಕರೆಸಬೇಕಾಯಿತು. ಡಿಫ್ರಾಸ್ಟ್ ಎಂಬ ಗುಂಡಿ ಕಣ್ಣೆದುರಿಗೇ ಇತ್ತು. ಅದರ ಅರ್ಥ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪದದ ಅರ್ಥ ತಿಳಿಯದಿದ್ದರೆ ಆಗುವ ನಷ್ಟ ಪರೀಕ್ಷೆಯ ಅಂಕ ಮಾತ್ರವಲ್ಲ, ನೋಡಿ.

ಇದೇ ಓಣಿಯ ಇನ್ನೆರಡು ಪದಗಳಿವೆ. ‘ಮೆಲ್ಟ್’ ಎಂದರೆ ಕರಗು ಅಥವಾ ಕರಗಿಸು. ಬೆಣ್ಣೆಯೂ ಮೆಲ್ಟ್ ಆಗುತ್ತದೆ, ಮೇಣವೂ ಆಗುತ್ತದೆ, ಕಬ್ಬಿಣವೂ ಆಗುತ್ತದೆ. ‘ಥಾ’ ಎಂಬುದು ಹೆಪ್ಪುಗಟ್ಟಿದ ವಸ್ತು ಮತ್ತೆ ಮೆತ್ತಗಾಗುವುದು. ಫ್ರೀಜರಿನಿಂದ ತೆಗೆದ ಬಟಾಣಿ ಪೊಟ್ಟಣವನ್ನು ಹೊರಗಿಟ್ಟರೆ ಅದು ಥಾ ಆಗುತ್ತದೆ. ಆಹಾರದ ವಿಷಯದಲ್ಲಿ ಡಿಫ್ರಾಸ್ಟ್ ಎಂದರೂ ನಡೆಯುತ್ತದೆ. ಆದರೆ ಬಟಾಣಿಯನ್ನು ಡೀ-ಐಸ್ ಮಾಡಿದೆ ಎನ್ನುವುದಿಲ್ಲ. ಡೀ-ಐಸ್ ಬರುವುದು ಒಂದು ಮೈಗೆ ಅಂಟಿಕೊಂಡ ಐಸನ್ನು ಬಿಡಿಸುವಾಗ, ಅದೂ ಹೆಚ್ಚಾಗಿ ವಾಹನ, ವಿಮಾನ, ರಸ್ತೆ, ತಂತಿ ಇವುಗಳ ಮಾತು ಬಂದಾಗ. ಇನ್ನು ‘ಬ್ರೇಕ್ ದಿ ಐಸ್’ ಎಂಬ ನುಡಿಗಟ್ಟಿಗೂ ಇದಕ್ಕೂ ನಂಟಿಲ್ಲ. ಹೊಸಬರ ನಡುವಿನ ಬಿಗುಮಾನ ಕಳೆದು ಮಾತು ಶುರು ಮಾಡುವುದಕ್ಕೆ ಹಾಗೆನ್ನುತ್ತಾರೆ.

ಉಪ್ಪಿನ ವಿಚಾರ

ಹೆಪ್ಪುಗಟ್ಟಿದ ನೀರನ್ನು ತೆಗೆಯಲು ದಾರಿ ಮೂರು: ಕೆರೆಯುವುದು, ಕಾಯಿಸುವುದು, ಏನನ್ನಾದರೂ ಬೆರೆಸಿ ಕರಗಿಸುವುದು. ಕೆನಡಾದಲ್ಲೋ ಅಮೆರಿಕದ ಉತ್ತರದ ಊರುಗಳಲ್ಲೋ ನೆಲೆಸಿರುವ ನಮ್ಮ ಹುಡುಗರು ಜನವರಿಯ ಬೆಳಿಗ್ಗೆ ಕಚೇರಿಗೆ ಹೊರಡುವ ಮೊದಲು ಪ್ಲಾಸ್ಟಿಕ್ ಕೆರೆಗೋಲು ಹಿಡಿದು ಕಾರಿನ ಗಾಜನ್ನು ಕೆರೆಯುತ್ತಾರೆ. ಬಿಸಿನೀರು ಸುರಿದರೆ ಗಾಜು ಬಿರಿದೀತು. ರಸ್ತೆಗಳಿಗೆ ಉಪ್ಪು ಹರಡುತ್ತಾರೆ.

ಉಪ್ಪೇಕೆ? ಶುದ್ಧ ನೀರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಉಪ್ಪು ಬೆರೆತ ನೀರು ಹೆಪ್ಪುಗಟ್ಟಲು ಅದಕ್ಕಿಂತ ಹೆಚ್ಚು ಚಳಿ ಬೇಕು. ಸಮುದ್ರದ ನೀರಿಗೆ ಸುಮಾರು ಮೈನಸ್ 2 ಡಿಗ್ರಿ ಬೇಕು. ಉಪ್ಪು ಸಾಕಷ್ಟು ಬೆರೆತರೆ ಮೈನಸ್ 21ರವರೆಗೂ ನೀರು ನೀರಾಗಿಯೇ ಇರಬಲ್ಲದು. ಆದ್ದರಿಂದ ಸೊನ್ನೆಗಿಂತ ಸ್ವಲ್ಪ ಕೆಳಗಿರುವ ರಸ್ತೆಯ ಮೇಲೆ ಉಪ್ಪು ಬಿದ್ದರೆ ಗಡ್ಡೆ ಕರಗುತ್ತದೆ.

ಜಾತ್ರೆಯ ಕುಲ್ಫಿಯವನು ಇದೇ ಉಪ್ಪನ್ನು ಐಸಿಗೆ ಹಾಕಿ ಹಾಲನ್ನು ಗಟ್ಟಿ ಮಾಡುತ್ತಾನಲ್ಲ, ಅದು ಹೇಗೆ? ಹುಡುಗಿಯ ಪ್ರಶ್ನೆ ನ್ಯಾಯವಾದದ್ದೇ. ಎರಡೂ ಒಂದೇ ವಿದ್ಯೆ. ಉಪ್ಪು ಬಿದ್ದ ಐಸ್ ಕರಗಲು ಶಾಖ ಬೇಕು. ಆ ಶಾಖವನ್ನು ಅದು ಅಕ್ಕಪಕ್ಕದಿಂದ ಸೆಳೆಯುತ್ತದೆ. ಮಡಕೆಯೊಳಗಿನ ಮಿಶ್ರಣ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ, ಅಚ್ಚಿನೊಳಗಿನ ಹಾಲು ಶಾಖ ಕಳೆದುಕೊಂಡು ಕುಲ್ಫಿಯಾಗುತ್ತದೆ. ಹೊರಗಿನ ಐಸ್ ಕರಗಿದ್ದರಿಂದಲೇ ಒಳಗಿನ ಹಾಲು ಗಟ್ಟಿಯಾಯಿತು.

ತೆಗೆಯುವುದು ಬೇರೆ, ತಡೆಯುವುದು ಬೇರೆ

ಫ್ರಾಸ್ಟ್ ಎಂಬುದನ್ನು ಕಣ್ಣಾರೆ ಕಾಣದ ಸಕಲೇಶಪುರಕ್ಕೂ ಅದಕ್ಕೂ ಒಂದು ಹಳೆಯ ನಂಟಿದೆ. ಅದು ಕಾಫಿಯ ಬೆಲೆಯ ನಂಟು. ಪ್ರಪಂಚದಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಬ್ರೆಜಿಲ್. ಅಲ್ಲಿ ಜೂನ್, ಜುಲೈ ಚಳಿಗಾಲ. 1975ರ ಜುಲೈನಲ್ಲಿ ಅಲ್ಲಿನ ಪರಾನಾ ರಾಜ್ಯದಲ್ಲಿ ಬಂದ ಭೀಕರ ಚಳಿಗೆ ತೋಟಕ್ಕೆ ತೋಟವೇ ಸುಟ್ಟಂತೆ ಕಪ್ಪಾಯಿತು. ಮುಂದಿನ ವರ್ಷ ಅಲ್ಲಿ ಕೊಯ್ಯಲು ಹೆಚ್ಚುಕಡಿಮೆ ಏನೂ ಉಳಿಯಲಿಲ್ಲ. ಜಗತ್ತಿನಲ್ಲಿ ಕಾಫಿ ಬೆಲೆ ಹಲವು ಪಟ್ಟು ಏರಿತು. 1994ರ ಜೂನ್ ಕೊನೆಯಲ್ಲಿ ಒಮ್ಮೆ, ಜುಲೈನಲ್ಲಿ ಇನ್ನೊಮ್ಮೆ ಬ್ರೆಜಿಲ್ಲಿನಲ್ಲಿ ಹಾಗೆಯೇ ಆಯಿತು. ನಮ್ಮಲ್ಲಿ ಆಗ ಕಾಫಿ ಮಂಡಳಿಯ ಹಿಡಿತ ಸಡಿಲಾಗಿ, ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವ ಅವಕಾಶ ಹಂತಹಂತವಾಗಿ ಸಿಗುತ್ತಿದ್ದ ಕಾಲ. ಆ ವರ್ಷಗಳ ಬೆಲೆಯನ್ನು ಮಲೆನಾಡಿನ ಹಿರಿಯ ಬೆಳೆಗಾರರು ಇಂದಿಗೂ ನೆನೆಯುತ್ತಾರೆ. 2021ರ ಜುಲೈನಲ್ಲೂ ಬ್ರೆಜಿಲ್ಲಿನ ತೋಟಗಳಿಗೆ ಚಳಿ ಬಡಿದು ಬೆಲೆ ಜಿಗಿಯಿತು. ಅಲ್ಲಿನ ರೈತನ ಕಣ್ಣೀರು ಇಲ್ಲಿನ ರೈತನ ಲಾಭವಾಯಿತೆಂಬುದು ಸಂತೋಷದ ಮಾತೇನಲ್ಲ. ಆದರೂ ನಡೆದದ್ದು ಹಾಗೆ.

ಇಲ್ಲಿ ಹುಡುಗಿಯ ಬಾಯಿಂದ ಒಳ್ಳೆಯ ಪ್ರಶ್ನೆಯೊಂದು ಬಂತು: “ಗಿಡಾನ ಡೀ-ಐಸ್ ಮಾಡ್ಬೋದಿತ್ತಲ್ವಾ?” ಆಗದು. ಎಲೆಯ ಜೀವಕೋಶಗಳ ನೀರು ಹೆಪ್ಪುಗಟ್ಟಿದರೆ ಕೋಶಗಳು ಹಾಳಾಗುತ್ತವೆ. ಮೇಲಿನ ಬಿಳಿ ಪುಡಿ ಕರಗಿದರೂ ಎಲೆ ಬದುಕುವುದಿಲ್ಲ. ಆದ್ದರಿಂದ ಅಲ್ಲಿನ ರೈತರು ಚಳಿಯ ಮುನ್ಸೂಚನೆ ಸಿಕ್ಕ ಕೂಡಲೇ ಎಳೆಯ ಸಸಿಗಳನ್ನು ಮಣ್ಣಿನಿಂದ ಮುಚ್ಚಿ, ಅಪಾಯ ಕಳೆದ ಮೇಲೆ ಬಿಡಿಸುತ್ತಾರೆ. ಇದು ತೆಗೆಯುವುದಲ್ಲ, ತಡೆಯುವುದು. ತಡೆಯುವುದಕ್ಕೆ ಇಂಗ್ಲಿಷಿನಲ್ಲಿ ಉಪಸರ್ಗವೇ ಬೇರೆ: ‘ಆಂಟಿ’. ಬಂದದ್ದನ್ನು ತೆಗೆದರೆ ಡೀ-ಐಸಿಂಗ್, ಬಾರದಂತೆ ನೋಡಿಕೊಂಡರೆ ಆಂಟಿ-ಐಸಿಂಗ್. ಕಾಫಿ ಗಿಡಕ್ಕೆ ಕಾಯಿಕೊರಕ ಬಿದ್ದ ಮೇಲೆ ಪರದಾಡುವುದಕ್ಕೂ ಬೀಳದಂತೆ ತೋಟ ಚೊಕ್ಕವಾಗಿಡುವುದಕ್ಕೂ ಇರುವಷ್ಟೇ ಅಂತರ ಇದು.

ಈ ಅಂತರ ಬರೀ ವ್ಯಾಕರಣದ ಮಾತಲ್ಲ. 1982ರ ಜನವರಿ 13ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹಿಮ ಸುರಿಯುತ್ತಿತ್ತು. ಏರ್ ಫ್ಲಾರಿಡಾ ಸಂಸ್ಥೆಯ ಬೋಯಿಂಗ್ 737 ವಿಮಾನವನ್ನು ನಿಲ್ದಾಣದಲ್ಲಿ ಡೀ-ಐಸ್ ಮಾಡಿದ್ದರು. ಆದರೆ ಆಮೇಲೆ ಅದು ಹಾರಲು ಸರದಿ ಕಾಯುತ್ತಾ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಹಿಮದಲ್ಲೇ ನಿಂತಿತು. ರೆಕ್ಕೆಯ ಮೇಲೆ ಮತ್ತೆ ಐಸ್ ಕೂತಿತು. ಹೊರಡುವ ಮೊದಲು ಪಟ್ಟಿ ಓದಿ ಒಂದೊಂದನ್ನೇ ಖಚಿತಪಡಿಸಿಕೊಳ್ಳುವುದು ಪೈಲಟ್‌ಗಳ ಪದ್ಧತಿ. ಎಂಜಿನ್ನಿನ ಆಂಟಿ-ಐಸ್ ಎಂಬ ಸಾಲು ಬಂದಾಗ ‘ಆಫ್’ ಎಂಬ ಉತ್ತರ ಬಂತು. ಅದು ‘ಆನ್’ ಆಗಿರಬೇಕಿತ್ತು. ಎಂಜಿನ್ನಿನ ಬಲ ಅಳೆಯುವ ಸಾಧನಕ್ಕೆ ಐಸ್ ಅಡ್ಡಕಟ್ಟಿ, ಇರುವುದಕ್ಕಿಂತ ಹೆಚ್ಚು ಬಲ ಇದೆಯೆಂದು ಮುಳ್ಳು ತೋರಿಸಿತು. ವಿಮಾನ ಮೇಲೇಳಲಾರದೆ ಸೇತುವೆಗೆ ಬಡಿದು ಪೊಟೊಮ್ಯಾಕ್ ನದಿಗೆ ಬಿತ್ತು. ವಿಮಾನದಲ್ಲಿದ್ದ 79 ಜನರಲ್ಲಿ 74 ಮಂದಿ, ಸೇತುವೆಯ ಮೇಲಿದ್ದ ನಾಲ್ವರು, ಒಟ್ಟು 78 ಜನ ತೀರಿಕೊಂಡರು. ‘ತೆಗೆದಿದ್ದೇವೆ’ ಎಂಬುದು ‘ತಡೆದಿದ್ದೇವೆ’ ಎಂದಾಗುವುದಿಲ್ಲ.

ಇಂದು ಚಳಿನಾಡಿನ ನಿಲ್ದಾಣಗಳಲ್ಲಿ ಎರಡು ಕೆಲಸಕ್ಕೆ ಎರಡು ದ್ರವಗಳಿವೆ. ಗ್ಲೈಕಾಲ್ ಮತ್ತು ನೀರಿನ ಬಿಸಿ ಮಿಶ್ರಣವನ್ನು ರಭಸದಿಂದ ಸಿಂಪಡಿಸಿ ಇರುವ ಐಸನ್ನು ಬಿಡಿಸುತ್ತಾರೆ. ಇದರ ಬಣ್ಣ ಸಾಮಾನ್ಯವಾಗಿ ಕಿತ್ತಳೆ. ಆಮೇಲೆ ಮಂದವಾದ ಇನ್ನೊಂದು ದ್ರವವನ್ನು ಬಳಿದು, ಹಾರುವವರೆಗೆ ಹೊಸ ಐಸ್ ಕೂರದಂತೆ ತಡೆಯುತ್ತಾರೆ. ಇದು ಹೆಚ್ಚಾಗಿ ಹಸಿರು. ರೆಕ್ಕೆಯ ಮೇಲೆ ಉಪ್ಪುಕಾಗದದಷ್ಟು ತೆಳುವಾದ, ಒರಟಾದ ಪದರ ಕೂತರೂ ವಿಮಾನವನ್ನು ಎತ್ತುವ ಬಲ ಶೇಕಡಾ 30ರಷ್ಟು ಕಡಿಮೆಯಾಗಬಹುದು.

ನಮ್ಮ ತಲೆಯ ಮೇಲಿನ ಐಸ್

ಅದೆಲ್ಲ ದೂರದ ದೇಶದ ಮಾತು ಎನ್ನಬೇಡಿ. ಐಸ್ ಇರುವ ಸೀಮೆ ಆಲೂರಿನಿಂದ ಐದು ಕಿಲೋಮೀಟರು ದೂರದಲ್ಲೇ ಇದೆ. ಆದರೆ ಅದು ನೆಟ್ಟಗೆ ಮೇಲಕ್ಕೆ! ಮೇಲಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ. ನಮ್ಮ ಸೀಮೆಯಲ್ಲಿ ಸುಮಾರು ಐದು ಕಿಲೋಮೀಟರು ಎತ್ತರದಲ್ಲಿ ಸೊನ್ನೆ ಡಿಗ್ರಿ ಸಿಗುತ್ತದೆ. ಅದಕ್ಕೂ ಮೇಲಿನ ಮೋಡಗಳಲ್ಲಿ ಹಾರುವ ವಿಮಾನಗಳಿಗೆ ಏಪ್ರಿಲ್‌ನ ಉರಿಬಿಸಿಲಿನಲ್ಲೂ ಐಸ್ ಅಂಟಬಲ್ಲದು. ಅದಕ್ಕಾಗಿ ದೊಡ್ಡ ಜೆಟ್ ವಿಮಾನಗಳು ಎಂಜಿನ್ನಿನ ಬಿಸಿ ಗಾಳಿಯನ್ನು ರೆಕ್ಕೆಯ ಮುಂಚೂಣಿಗೆ ಹಾಯಿಸುತ್ತವೆ. ಕೆಲವು ಪ್ರೊಪೆಲರ್ ವಿಮಾನಗಳಲ್ಲಿ ರೆಕ್ಕೆಯ ಮುಂಚೂಣಿಗೆ ರಬ್ಬರಿನ ಹೊದಿಕೆ ಇರುತ್ತದೆ. ಅದಕ್ಕೆ ಗಾಳಿ ತುಂಬಿದರೆ ಉಬ್ಬಿಕೊಂಡು ಮೇಲಿನ ಐಸನ್ನು ಒಡೆದು ಉದುರಿಸುತ್ತದೆ.

ಆ ಸೀಮೆಯಿಂದ ನಮಗೆ ವರ್ಷಕ್ಕೊಮ್ಮೆಯಾದರೂ ಓಲೆ ಬರುತ್ತದೆ. ಅದೇ ಆಲಿಕಲ್ಲು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಮೋಡದ ಮೇಲ್ತುದಿಯಲ್ಲಿ ಪದರ ಪದರವಾಗಿ ಹೆಪ್ಪುಗಟ್ಟಿ, ಭಾರ ತಡೆಯಲಾರದೆ ಕರಗುವ ಮುನ್ನವೇ ನೆಲಕ್ಕೆ ಬೀಳುವ ಐಸ್ ಅದು. ಅಂಗಳದಲ್ಲಿ ಆಯ್ದು ಬಾಯಿಗೆ ಹಾಕಿಕೊಳ್ಳದ ಮಲೆನಾಡಿನ ಮಕ್ಕಳಿಲ್ಲ.

ಹಾಸನ ಜಿಲ್ಲೆಗೂ ಹಿಮಕ್ಕೂ ಇರುವ ಇನ್ನೊಂದು ನಂಟು ನೋವಿನದು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ, 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮದ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಹೂತುಹೋದರು. ಅವರಲ್ಲಿ ಹಾಸನ ಜಿಲ್ಲೆಯ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ, ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಪಿ.ಎನ್. ಮಹೇಶ, ಧಾರವಾಡ ಜಿಲ್ಲೆ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಇದ್ದರು. ಬಂಡೆ ಕೊರೆಯುವ ಯಂತ್ರ, ವಿದ್ಯುತ್ ಗರಗಸಗಳಿಂದ ಕಲ್ಲಿನಂಥ ಹಿಮವನ್ನು ಕತ್ತರಿಸುತ್ತಾ ಹೋದ ಸೈನಿಕರಿಗೆ ಕೊಪ್ಪದ ಅವರು ಆರನೆಯ ದಿನ ಸುಮಾರು 25 ಅಡಿ ಆಳದಲ್ಲಿ ಜೀವಂತ ಸಿಕ್ಕಿದರು. ಫೆಬ್ರುವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಅಲ್ಲಿ ನಡೆದ ಕೆಲಸಕ್ಕೆ ಡೀ-ಐಸಿಂಗ್ ಎಂಬ ಪದ ಸಲ್ಲದು. ಅದು ಮೈಗೆ ಅಂಟಿದ ಪದರವನ್ನು ಬಿಡಿಸುವ ಪದ. ಬೆಟ್ಟವನ್ನೇ ಅಗೆದು ಜೀವ ಹುಡುಕುವುದಕ್ಕೆ ಅದು ಬಹಳ ಸಣ್ಣದು. ಪದಕ್ಕೆ ಅಳತೆಯೂ ಇರುತ್ತದೆ.

ತಂದೆತಾಯಂದಿರಿಗೆ ಒಂದು ಮಾತು

ಮಕ್ಕಳು ಪದದ ಎದುರು ಒಂದು ಕನ್ನಡ ಪದ ಬರೆದು ಬಾಯಿಪಾಠ ಮಾಡುವುದನ್ನು ನಾವು ಓದು ಎಂದುಕೊಂಡಿದ್ದೇವೆ. ಮೇಜಿನ ಹೆಸರು ಕಲಿಯಲು ಅಷ್ಟು ಸಾಕು. ಆದರೆ ನಾವು ನೋಡದ ವಸ್ತು, ಮಾಡದ ಕೆಲಸದ ಹೆಸರು ಬಂದಾಗ ಅದು ಸಾಲದು. ಆಗ ನಾಲ್ಕು ಪ್ರಶ್ನೆ ಕೇಳಿ: ಯಾವುದನ್ನು? ಯಾವುದರಿಂದ? ಹೇಗೆ? ಈ ಮಾತನ್ನು ಆಡುವವರು ಯಾರು? ಡೀ-ಐಸ್ ಎಂದರೆ ಐಸನ್ನು, ರೆಕ್ಕೆ ಅಥವಾ ಗಾಜಿನಿಂದ, ಕೆರೆದೋ ಕಾಯಿಸಿಯೋ ದ್ರವ ಸಿಂಪಡಿಸಿಯೋ ತೆಗೆಯುವುದು. ಆಡುವವರು ಪೈಲಟ್ಟು, ಮೆಕ್ಯಾನಿಕ್ಕು, ಚಳಿನಾಡಿನ ಕಾರಿನವರು. ಇಷ್ಟು ತಿಳಿದ ಮಗು ತಪ್ಪು ವಾಕ್ಯ ಬರೆಯುವುದು ಕಷ್ಟ. ಉತ್ತರ ನಿಮಗೂ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ಜೊತೆಗೆ ಕುಳಿತು ಹುಡುಕಿ. ‘ಗೊತ್ತಿಲ್ಲ, ನೋಡೋಣ ಬಾ’ ಎಂದು ಹೇಳುವ ಅಪ್ಪ ಅಮ್ಮ ಇರುವ ಮನೆಯಲ್ಲಿ ‘ನಮಗೆ ಬರಲ್ಲ’ ಎಂಬ ಮಾತು ಹುಟ್ಟುವುದಿಲ್ಲ.

ಶಿಕ್ಷಕರಲ್ಲೂ ಒಂದು ವಿನಂತಿ. ಅರವತ್ತು ಪುಸ್ತಕ ತಿದ್ದುವ ಕಷ್ಟ ಸಣ್ಣದಲ್ಲ. ಆದರೂ ತಪ್ಪು ಗುರುತಿನ ಪಕ್ಕದಲ್ಲಿ ‘ಇದು ಐಸ್ ಅಲ್ಲ, ಮಿಸ್ಟ್’ ಎಂದು ನಾಲ್ಕು ಪದ ಬರೆದಿದ್ದರೆ ಆ ಬೆಳಿಗ್ಗೆ ಬೇರೆಯೇ ಆಗುತ್ತಿತ್ತು.

ನಮ್ಮ ಹುಡುಗಿ ಅಂದು ಮೂರು ಹೊಸ ವಾಕ್ಯ ಬರೆದಳು. ‘ಅಮ್ಮ ಈಗ ಫ್ರಿಜ್ಜನ್ನು ಗುಂಡಿ ಒತ್ತಿ ಡಿಫ್ರಾಸ್ಟ್ ಮಾಡುತ್ತಾಳೆ.’ ‘ಘಾಟಿಯಲ್ಲಿ ಡ್ರೈವರು ಬಸ್ಸಿನ ಗಾಜನ್ನು ಡೀಮಿಸ್ಟ್ ಮಾಡುತ್ತಾರೆ.’ ‘ಹಾರುವ ಮೊದಲು ವಿಮಾನದ ರೆಕ್ಕೆಗಳನ್ನು ಡೀ-ಐಸ್ ಮಾಡಿದರು.’ ಮೊದಲನೆಯದನ್ನು ಓದಿ ಅತ್ತಿಗೆ ಮುಖ ಊದಿಸಿಕೊಂಡರು. ಮೂರಕ್ಕೂ ಶಾಲೆಯಲ್ಲಿ ಸರಿ ಗುರುತು ಬಿತ್ತಂತೆ. ಅಂತರವನ್ನು ತರಗತಿಗೆಲ್ಲ ವಿವರಿಸಲು ಶಿಕ್ಷಕರು ಅವಳನ್ನೇ ನಿಲ್ಲಿಸಿದರಂತೆ.

ಏಪ್ರಿಲ್‌ನಲ್ಲಿ ಒಂದು ಸಂಜೆ ಅವಳ ಫೋನ್ ಬಂತು. ಹಿಂದೆ ಹೆಂಚಿನ ಮೇಲೆ ಪಟಪಟ ಸದ್ದು. “ಚಿಕ್ಕಪ್ಪ, ಆಲಿಕಲ್ಲು ಬೀಳ್ತಿದೆ. ಲೋಟದ ತುಂಬ ಆಯ್ದಿಟ್ಟಿದೀನಿ. ಐದು ಕಿಲೋಮೀಟರ್ ಮೇಲಿಂದ ಬಂದಿರೋದು!” ಎಂದಳು. ‘ನಮ್ಮಂಥೋರಿಗೆ ಬರಲ್ಲ’ ಎಂದಿದ್ದ ದನಿ ಅದಲ್ಲವೇ ಅಲ್ಲ.